ಹಳ್ಳಕ್ಕೆ ಬಿಟ್ಟ ಹೆಬ್ಬಾತು

ನಾನು ಬಾಡಿಗೆಗಿದ್ದ ಮನೆಯಲ್ಲಿ ಹೊಡೆದ ಹಕ್ಕಿ ಅಡುಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಅದು ಆಂಟಿಯ ಕಾನೂನು. ಹಕ್ಕಿಯ ಒಂದು ತುಣುಕೂ ಹೊಲದಲ್ಲಾಗಲಿ ರಸ್ತೆ ಬದಿಯಲ್ಲಾಗಲಿ ಬೀಳುವಂತಿರಲಿಲ್ಲ. ಅದು ಅಂಕಲ್ ಕಾನೂನು. ಎರಡು ಕಾನೂನುಗಳ ನಡುವೆ ಉಳಿದ ಒಂದೇ ಜಾಗ ಗರಾಜು. ಅಲ್ಲೊಂದು ಹಳೆಯ ಫ್ರೀಜರ್. ಅದರೊಳಗೆ ಒಂದು ಬದಿಗೆ ಆಂಟಿಯ ಮಾವಿನ ರಸ, ತೆಂಗಿನ ತುರಿ, ಹೋಳಿಗೆಯ ಹೂರಣ. ಇನ್ನೊಂದು ಬದಿಗೆ ಅಂಕಲ್‌ರ ಕಪ್ಪು ಪ್ಲಾಸ್ಟಿಕ್ ಚೀಲ. ನಡುವೆ ಆಂಟಿ ನಿಲ್ಲಿಸಿದ್ದ ರಟ್ಟಿನ ಗಡಿ.

ನಾನು ಅವರ ಬೇಸ್‌ಮೆಂಟಿನಲ್ಲಿದ್ದೆ. ಇಸವಿ ಎರಡು ಸಾವಿರಕ್ಕೆ ಕಂಪ್ಯೂಟರುಗಳನ್ನು ಸಜ್ಜುಮಾಡುವ ವೈ-ಟು-ಕೆ ಕೆಲಸ ಮುಗಿದು, ಎಲ್ಲ ಕಂಪನಿಗಳಿಗೂ ಒಮ್ಮೆಲೇ ವೆಬ್‌ಸೈಟಿನ ಹುಚ್ಚು ಹಿಡಿದಿದ್ದ ಕಾಲ. ನ್ಯೂಜೆರ್ಸಿಯ ಕ್ರ್ಯಾನ್‌ಬರಿ ಊರಿನ ಔಷಧ ಕಂಪನಿಯೊಂದರಲ್ಲಿ ನನಗೆ ಕಾಂಟ್ರಾಕ್ಟ್ ಕೆಲಸ. ಮೈಸೂರಿನಲ್ಲಿ ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ಪಾರಿತೋಷಕ ಹೊತ್ತು ತರುವುದೇ ನನ್ನ ಕಸುಬಾಗಿತ್ತು. 'ಪರ'ಕ್ಕೆ ನಿಲ್ಲಿಸಿದರೆ ಪರ, 'ವಿರೋಧ'ಕ್ಕೆ ನಿಲ್ಲಿಸಿದರೆ ವಿರೋಧ. ಆಫೀಸಿನಲ್ಲಿ ವಾದಕ್ಕೆ ಯಾರೂ ಸಿಗುತ್ತಿರಲಿಲ್ಲ. ಹಾಗಾಗಿ ಸಂಜೆ ಮನೆಗೆ ಬಂದು ಅಂಕಲ್ ಮೇಲೆ ಬೀಳುತ್ತಿದ್ದೆ.

ಅಂಕಲ್ ಚಿತ್ರದುರ್ಗದ ಕಡೆಯ ಡಾಕ್ಟರು. ಚಿಕ್ಕಂದಿನಲ್ಲಿ ತಾತನ ಹಿಂದೆ ಗೌಜಲಕ್ಕಿ ಹುಡುಕಿಕೊಂಡು ಕುರುಚಲು ಕಾಡು ಅಲೆದವರು. ಆಂಟಿ ಧಾರವಾಡದವರು, ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದವರು. ಇವರಿಬ್ಬರೂ ಮೆಡಿಕಲ್ ಕಾಲೇಜಿನಲ್ಲಿ ಒಬ್ಬರನ್ನೊಬ್ಬರು ಒಪ್ಪಿಕೊಂಡದ್ದು ಹೇಗೆ ಎಂದು ಕೇಳಿದರೆ ಇಬ್ಬರೂ ಬೇರೆಬೇರೆ ಕಥೆ ಹೇಳುತ್ತಿದ್ದರು, ಆಮೇಲೆ ಜಗಳವಾಡುತ್ತಿದ್ದರು.

ಚಳಿಗಾಲದ ಶನಿವಾರಗಳಂದು ಅಂಕಲ್ ಹೆಬ್ಬಾತು ಹೊಡೆಯಲು ಹೋಗುತ್ತಿದ್ದರು. ಕೆನಡಾ ಕಡೆಯಿಂದ ಇಳಿದು ಬರುವ ಆ ಉದ್ದ ಕತ್ತಿನ ಹಕ್ಕಿಗಳು ನಮ್ಮ ಆಫೀಸಿನ ಪಾರ್ಕಿಂಗ್ ಲಾಟಿನಲ್ಲೂ ಓಡಾಡಿಕೊಂಡು, ಹುಲ್ಲಿನ ಮೇಲೆಲ್ಲ ಹೊಲಸು ಮಾಡಿ, ಹತ್ತಿರ ಹೋದವರನ್ನು ಅಟ್ಟಿಸಿಕೊಂಡು ಬರುತ್ತಿದ್ದವು. ಅವುಗಳ ಮೇಲೆ ನನಗೇನೂ ಪ್ರೀತಿ ಇರಲಿಲ್ಲ. ನನ್ನ ತಕರಾರು ಇದ್ದದ್ದು ಅಂಕಲ್‌ರ ನೇಮ ನಿಷ್ಠೆಯ ಮೇಲೆ.

"ಅಂಕಲ್, ಕೊಲ್ಲೋದು ಕೊಂದಾಯ್ತು. ಆಮೇಲೆ ಇದೆಲ್ಲ ಎಂಥ ಮಡಿ? ನಿಮ್ಮ ಸಮಾಧಾನಕ್ಕೆ ತಾನೇ?"

"ಮಧ್ಯಾಹ್ನ ಏನು ತಿಂದೆ?"

"ಚಿಕನ್ ಸ್ಯಾಂಡ್‌ವಿಚ್."

"ಆ ಕೋಳಿ ತಲೆ ಎಲ್ಲಿ ಹೋಯ್ತು ಅಂತ ಗೊತ್ತೇನಮ್ಮ ನಿನಗೆ? ನನ್ನ ಹಕ್ಕಿದು ನನಗೆ ಗೊತ್ತು. ಅಷ್ಟೇ ವ್ಯತ್ಯಾಸ, ಇನ್ನೇನಿಲ್ಲ."

ಇದು ಉತ್ತರವಲ್ಲ, ಪ್ರಶ್ನೆಯನ್ನು ನನ್ನ ಕಡೆಗೇ ತಳ್ಳುವ ತಂತ್ರ ಎಂದು ನಾನು ಹೇಳಿದೆ. ಆಂಟಿ ಒಳಗಿನಿಂದ, "ಇಬ್ಬರೂ ತಿನ್ನೂದನ್ನ ತಿಂತೀರಿ, ಮ್ಯಾಲೆ ಭಾಷಣ ಬ್ಯಾರೆ," ಎಂದರು.

ವಾದಕ್ಕೆ ಸರಕು ಬೇಕೆಂದು ಒಂದು ಶನಿವಾರ ನಾನೂ ಅವರ ಜೊತೆ ಹೋದೆ. ಹೊಲ ನಮ್ಮ ಮನೆಯಿಂದ ದೂರವೇನಿರಲಿಲ್ಲ. ಒಂದು ಕಾಲಕ್ಕೆ ಸುತ್ತೆಲ್ಲ ಹೊಲಗಳೇ ಇದ್ದವಂತೆ. ಈಗ ಮೂರು ಕಡೆ ಬಿಳಿ ಗೋಡೆಯ ಗೋದಾಮುಗಳು, ಅವುಗಳ ಮುಂದೆ ಸಾಲುಸಾಲು ಟ್ರಕ್ಕುಗಳು. ನಡುವೆ ಒಬ್ಬ ಮುದುಕ ರೈತ ಮಾತ್ರ ಮಾರದೆ ಉಳಿದಿದ್ದ. ಅಂಕಲ್ ಈ ಊರಿಗೆ ಬಂದ ಹೊಸದರಲ್ಲಿ ಬೇಲಿಬೇಲಿಗೂ ಹೋಗಿ ಅನುಮತಿ ಕೇಳಿದ್ದರಂತೆ. ಬಂದೂಕು ಹಿಡಿದ ಕಂದು ಬಣ್ಣದ ಮನುಷ್ಯನನ್ನು ಕಂಡು ಕೆಲವರು ಬಾಗಿಲನ್ನೇ ತೆಗೆಯಲಿಲ್ಲ. ಈ ಮುದುಕ ತೆಗೆದಿದ್ದ. ವರ್ಷಗಳು ಕಳೆದ ಮೇಲೆ ಗೇಟಿನ ಸರಪಳಿಗೆ ಹಾಕುವ ಬೀಗದ ಒಂದು ಕೀಲಿಯನ್ನೂ ಕೊಟ್ಟಿದ್ದ. ಆದರೂ ಅಂಕಲ್ ಪ್ರತಿ ಸೀಸನ್ನಿನ ಮೊದಲು ಆಂಟಿಯ ಚಕ್ಕುಲಿ ಡಬ್ಬಿ ಹಿಡಿದು ಅವನ ಮನೆಗೆ ಹೋಗಿ ಹೊಸದಾಗಿ ಕೇಳುತ್ತಿದ್ದರು. ಫೋನಿನಲ್ಲಿ ಕೇಳಬಾರದಂತೆ. ಮುಖ ನೋಡಿ ಬೇಡ ಎನ್ನುವ ಅವಕಾಶ ಅವನಿಗಿರಬೇಕಂತೆ.

ಅಂದು ನಾನು ಕಂಡದ್ದು ಬೇಟೆಗಿಂತ ಹೆಚ್ಚಾಗಿ ನಿಯಮಗಳನ್ನು. ಬೇಲಿ ದಾಟುವ ಮೊದಲು ಬಂದೂಕು ಮಡಚಿ ತೋಟಾ ತೆಗೆಯಬೇಕು. ಮನೆಗಳಿರುವ ದಿಕ್ಕಿಗೆ ಬಂದೂಕಿನ ಬಾಯಿ ತಿರುಗಲೇಬಾರದು, ಅದು ಖಾಲಿಯಿದ್ದರೂ. ಖಾಲಿ ತೋಟಾಗಳನ್ನು ಹೆಕ್ಕಿ ಜೇಬಿಗೆ ಹಾಕಬೇಕು. ಬೇರೆ ಯಾರೋ ಬಿಟ್ಟುಹೋದದ್ದನ್ನೂ. ಎರಡನೇ ಹೆಬ್ಬಾತು ಹಳ್ಳದಾಚೆಯ ಜೊಂಡಿನಲ್ಲಿ ಬಿತ್ತು. ಅದನ್ನು ಹುಡುಕುತ್ತ ಹುಡುಕುತ್ತ ನನ್ನ ಕಾಲ್ಬೆರಳುಗಳು ಇವೆಯೋ ಇಲ್ಲವೋ ತಿಳಿಯದಂತಾಯಿತು. ತಲೆಯ ಮೇಲೆ ಇನ್ನೊಂದು ಹಿಂಡು ಹಾದುಹೋಯಿತು. ಅಂಕಲ್ ತಲೆಯನ್ನೂ ಎತ್ತಲಿಲ್ಲ.

"ಹೋಗ್ಲಿ ಬಿಡಿ ಅಂಕಲ್, ನರಿ ತಿನ್ನುತ್ತೆ."

"ನರಿಗೆ ಅಂತ ಹೊಡೆದ್ನಾ? ಹೊಡೆದೋನದೇ ಹಕ್ಕಿ ಕಣಮ್ಮ. ಕೊನೆ ಗರಿವರೆಗೂ ಅವನ ತಲೆ ಮೇಲೆ."

ಕೊನೆಗೆ ಅದು ಸಿಕ್ಕಿತು. ಅದನ್ನು ಪೂರ್ತಿ ಅಲ್ಲೇ ಬಿಡಿಸಿ ಮಾಂಸ ಮಾತ್ರ ತರಬಹುದಲ್ಲ ಎಂದರೆ ಅದಕ್ಕೂ ಕಾನೂನು ಅಡ್ಡ ಬಂತು: ಯಾವ ಜಾತಿಯ ಹಕ್ಕಿಯೆಂದು ತಪಾಸಣೆಯವರಿಗೆ ತಿಳಿಯಲು ಮನೆ ತಲುಪುವವರೆಗೂ ಒಂದು ರೆಕ್ಕೆ ಅದರ ಮೈಯಲ್ಲೇ ಇರಬೇಕು. ಹೀಗಾಗಿ ಎಲ್ಲವೂ ಗರಾಜಿಗೆ ಬರುತ್ತಿತ್ತು. ಎದೆಯ ಮಾಂಸವನ್ನು ಅಂಕಲ್ ಅಲ್ಲೇ ಕರೆಂಟ್ ಒಲೆಯ ಮೇಲೆ ಮೆಣಸು ಹಾಕಿ ಬೇಯಿಸಿಕೊಳ್ಳುತ್ತಿದ್ದರು. ತಲೆ, ರೆಕ್ಕೆ, ಕರುಳು ಚೀಲಕ್ಕೆ. ವಾಸನೆ ಬಂದು ರಕೂನ್‌ಗಳು ಕಸದ ಡಬ್ಬಿ ಉರುಳಿಸಬಾರದೆಂದು ಚೀಲ ಫ್ರೀಜರಿಗೆ. ಮಂಗಳವಾರ ಫ್ರೀಜರಿನಿಂದ ಕಸದ ಟ್ರಕ್ಕಿಗೆ. ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆಯಲ್ಲಿ ತಪ್ಪು ಹುಡುಕಲು ನನಗೆ ಸಾಧ್ಯವಾಗಲಿಲ್ಲ. ಅದಕ್ಕೆ ಸಿಟ್ಟೂ ಬಂತು.

ತಪ್ಪು ಸಿಕ್ಕಿದ್ದು ಕಾರ್ತಿಕ ಮಾಸದ ಒಂದು ಭಾನುವಾರ ಬೆಳಿಗ್ಗೆ. ಫೋನ್ ಬಂತು. ಅಂಕಲ್ ಎತ್ತಿಕೊಂಡರು. "ಯೆಸ್... ನೋ... ಐ ಆ್ಯಮ್ ಕಮಿಂಗ್," ಎಂದು ಇಟ್ಟರು. ಕುರ್ಚಿಯಲ್ಲಿ ಕೂತರು.

ಹಳ್ಳಕ್ಕೆ ಅಡ್ಡಲಾಗಿ ರೈತನ ಮಣ್ಣಿನ ದಾರಿ ಹಾದುಹೋಗುವಲ್ಲಿ ಒಂದು ಮೋರಿ ಇತ್ತು. ಅದರ ಬಾಯಿಗೆ ಹಾಕಿದ ಕಬ್ಬಿಣದ ಜಾಲರಿಗೆ ಹೆಬ್ಬಾತಿನ ರೆಕ್ಕೆ, ತಲೆ, ಕರುಳು ಸಿಕ್ಕಿಕೊಂಡು ನೀರು ಕಟ್ಟಿ ನಿಂತಿತ್ತು. ಅವನ ದನಗಳು ನೀರು ಕುಡಿಯುವುದು ಅಲ್ಲೇ. ರೆಕ್ಕೆಗಳ ನಡುವೆ ಚೆಂಡುಹೂವಿನ ಹಾರ, ಒಡೆದ ತೆಂಗಿನಕಾಯಿ. ತಲೆಗೆ ಕೆಂಪು ಪುಡಿ. ಯಾವುದೋ ಮಾಟಗಾರರ ಗುಂಪು ತನ್ನ ಹೊಲಕ್ಕೆ ನುಗ್ಗಿದೆಯೆಂದು ಅವನು ಮೊದಲು ಹೆದರಿದನಂತೆ. ಆಮೇಲೆ ಆ ಹೂವಿನ ಹಾರವನ್ನು ಎಲ್ಲೋ ನೋಡಿದ ನೆನಪಾಯಿತಂತೆ. ಪ್ರತಿ ವರ್ಷ ಆಂಟಿ ಅಂಗೈಯಗಲದ ಮಣ್ಣಿನ ಗಣಪತಿಯನ್ನು ಬಿಡುತ್ತಿದ್ದದ್ದು, ಅವನದೇ ಒಪ್ಪಿಗೆ ಪಡೆದು, ಅದೇ ಹಳ್ಳದಲ್ಲಿ.

"ಕೀಲಿ ವಾಪಸ್ ತಗೊಂಡು ಬಾ ಅಂದ," ಎಂದರು ಅಂಕಲ್.

ಆಂಟಿ ಉಪ್ಪಿಟ್ಟು ಕೆದಕುತ್ತಿದ್ದರು. ತಿರುಗಲಿಲ್ಲ. "ನಾನಽ ಬಿಟ್ಟೆ," ಎಂದರು.

ಹಿಂದಿನ ದಿನ ಅಂಕಲ್ ಹಕ್ಕಿ ಬಿಡಿಸುತ್ತಿದ್ದಾಗಲೇ ಆಸ್ಪತ್ರೆಯಿಂದ ಪೇಜರ್ ಬಡಿದುಕೊಂಡಿತ್ತು. ಚೀಲ ಫ್ರೀಜರಿಗೆ ಹಾಕು ಎಂದು ಹೇಳಿ ಓಡಿದ್ದರು. ಆಂಟಿ ಹೋಗಿ ನೋಡಿದರೆ ಚೀಲದ ಬಾಯಿ ಬಿಚ್ಚಿ ಒಂದು ತಲೆ ಹೊರಗೆ ಜೋತಾಡುತ್ತಿದೆ. ಕಣ್ಣು ತೆರೆದೇ ಇದೆ.

"ಕಾರ್ತೀಕದಾಗ ಅದನ್ನ ಹೂರಣದ ಬಾಜೂಕ ಇಡ್ಲೇನು? ಕಸದ ಗಾಡ್ಯಾಗ ಒಗೀಲೇನು? ಗೇಟಿನ ಕೀಲಿ ತಗೊಂಡು ಹೋಗಿ ಗಣಪ್ಪನ್ನ ಬಿಡೂ ನೀರಾಗ ಬಿಟ್ಟೆ. ಅರಿಶಿಣ ಕುಂಕುಮ ಹಚ್ಚಿ, ನ್ಯೂಯಾರ್ಕಿನ ಫ್ಲಶಿಂಗ್ ಗುಡಿಯಿಂದ ತಂದ ಹೂವು ಹಾಕಿ ಬಿಟ್ಟೆ. ಛಲೋ ಜಾಗಾಕ್ಕ ಹೋಗಲಿ ಅಂತ."

"ನನಗೊಂದು ಮಾತು ಕೇಳಬಹುದಿತ್ತಲ್ಲ?"

"ಫ್ರೀಜರ್‌ನ್ಯಾಗ ಇಡೂ ಮುಂದ ನೀವು ನನ್ನ ಕೇಳಿದ್ರೇನು?"

ಅಂಕಲ್ ಜೋರು ಮಾಡಲಿಲ್ಲ. ಕಿಟಕಿಯ ಕಡೆ ನೋಡುತ್ತ ಹೇಳಿದರು: "ಆ ಹೊಲ ಹೋದ್ರೆ ಇನ್ನೊಂದು ಹೊಲ ಇಲ್ಲ ಕಣೇ. ಎಲ್ಲ ಗೋದಾಮು. ಆಮೇಲೆ ಈ ದೇಶದಲ್ಲಿ ನನಗಿರೋದು ಆಸ್ಪತ್ರೆ, ಗರಾಜು. ಅಷ್ಟೇ."

ಅಷ್ಟು ದಿನ ನಾನು ಆ ಶನಿವಾರಗಳನ್ನು ಹವ್ಯಾಸವೆಂದು ಕರೆದು ಲೇವಡಿ ಮಾಡುತ್ತಿದ್ದೆ. ಆ ಮಾತು ಕೇಳಿದ ಮೇಲೆ ಲೇವಡಿ ಬಾಯಿಗೆ ಬರಲಿಲ್ಲ. ವಾದ ಮಾತ್ರ ಬಂತು. ಗಣಪತಿಗೆ ಒಪ್ಪಿಗೆ ಇದ್ದರೆ ಅದರಲ್ಲಿ ಹಕ್ಕಿಗೂ ಒಪ್ಪಿಗೆ ಅಡಕವಾಗಿದೆ, ಅಲ್ಲವೆ? ಅವನ ಗೊಬ್ಬರ, ಕೀಟನಾಶಕ ಅದೇ ಹಳ್ಳಕ್ಕೆ ಇಳಿಯುವುದಿಲ್ಲವೆ? ನೀರಿನಲ್ಲಿ ಮೀನು ಸಾಯುವುದಿಲ್ಲವೆ? ಕೋಟು ಹಾಕಿಕೊಳ್ಳುವಷ್ಟರಲ್ಲಿ ನನ್ನ ಮಂಡನೆ ಸಿದ್ಧವಾಗಿತ್ತು.

"ನೀನು ಬರೋದಾದ್ರೆ ಬಾ," ಎಂದರು ಅಂಕಲ್. "ಬಾಯಿ ಮಾತ್ರ ಕಾರಲ್ಲೇ ಬಿಟ್ಟು ಇಳಿ."

ಹಿಂದಿನ ಸೀಟಿನಲ್ಲಿ ಆಂಟಿ ಆಗಲೇ ಕೂತಿದ್ದರು, ಸೀರೆಯ ಮೇಲೆ ದಪ್ಪ ಜಾಕೆಟ್ ಹಾಕಿಕೊಂಡು. ನೀನೇಕೆ ಎಂದು ಅಂಕಲ್ ಕೇಳಿದ್ದಕ್ಕೆ, "ನನ್ನ ಸುದ್ದಿ ಮಾತಾಡಾಕ ಹೊಂಟೀರಿ, ನಾ ಮನ್ಯಾಗ ಕೂಡ್ಲೇನು?" ಎಂದರು.

ರೈತ ಮೋರಿಯ ಹತ್ತಿರವೇ ನಿಂತಿದ್ದ. ಎತ್ತರದ ಮನುಷ್ಯ, ಕಿವಿ ಮುಚ್ಚುವ ಟೋಪಿ. ಅಂಕಲ್ ಕೀಲಿಯನ್ನು ಬೇಲಿಯ ಕಂಬದ ಮೇಲಿಟ್ಟು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟೇ: "ಹಕ್ಕಿ ನನ್ನದು. ತಪ್ಪೂ ನನ್ನದು. ಕ್ಲೀನ್ ಮಾಡಿ ಹೋಗ್ತೀನಿ."

ಹೆಂಡತಿಯ ಹೆಸರೇ ಬರಲಿಲ್ಲ. ಅಂಕಲ್‌ಗೆ ಇದು ನಿಜಕ್ಕೂ ಸುಳ್ಳಾಗಿರಲಿಲ್ಲ, ಕೊನೆ ಗರಿವರೆಗೂ ಎಂದವರು ಅವರೇ. ನನಗೆ ಮಾತ್ರ ತಡೆಯಲಾಗಲಿಲ್ಲ. ಗಣಪತಿ, ಗೊಬ್ಬರ, ಮೀನು, ಒಂದೇ ಉಸಿರಿಗೆ ಮಂಡಿಸಿದೆ. ಹರಿಯುವ ನೀರು ನಮಗೆ ಪವಿತ್ರ, ಅದಕ್ಕೆ ಒಪ್ಪಿಸುವುದು ಗೌರವದ ಕೆಲಸ ಎಂದೂ ಸೇರಿಸಿದೆ. ನನಗೆ ಅಂಥ ನಂಬಿಕೆ ಇರಲಿಲ್ಲ. ಚರ್ಚೆಯಲ್ಲಿ ಅದನ್ನು ಯಾರು ಕೇಳುತ್ತಾರೆ?

ರೈತ ಅಂಕಲ್ ಕಡೆ ತಿರುಗಿ, "ಲಾಯರ್ ಕರ್ಕೊಂಡು ಬಂದೆಯಾ, ಡಾಕ್?" ಎಂದ. ಆಮೇಲೆ ನನಗೆ ಹೇಳಿದ: "ಮಣ್ಣಿನ ಗೊಂಬೆ ಕರಗುತ್ತೆ. ಇದು ಕರಗುತ್ತಾ? ನೀರು ನಿಮಗೆ ದೇವರಾದ್ರೆ ದೇವರ ಮೈಮೇಲೆ ಕರುಳು ಯಾಕೆ ಸುರಿದ್ರಿ?"

ಸ್ಪರ್ಧೆಯಲ್ಲಾದರೆ ಇಂಥ ಹೊತ್ತಿಗೆ ಗಂಟೆಯಾದರೂ ಹೊಡೆಯುತ್ತಿತ್ತು.

ಆಗ ಆಂಟಿ ಕಾರಿನ ಬಾಗಿಲು ತೆಗೆದು ಬಂದರು. ಸೀರೆಯ ನೆರಿಗೆ ಎತ್ತಿ ಹಿಡಿದು, ಕೂಳೆಗಳ ಮೇಲೆ ಕಾಲಿಡುತ್ತ. ಅವರ ಇಂಗ್ಲಿಷಿನಲ್ಲೂ ಧಾರವಾಡವಿತ್ತು. "ಐ ಡಿಡ್ ಇಟ್. ಹಿ ಡಸ್ ನಾಟ್ ನೋ," ಎಂದರು. ಆಮೇಲೆ ಹೇಳಿದ್ದನ್ನು ಕನ್ನಡದಲ್ಲಿ ಹೇಳುವುದಾದರೆ: "ಇವರಿಗೆ ಗೇಟಿಗೊಂದು ರೂಲ್ ಇದೆ, ಬಂದೂಕಿಗೊಂದಿದೆ, ನಿಮ್ಮ ಬೇಲಿಗೊಂದಿದೆ. ಹಕ್ಕಿಗೆ ಮಾತ್ರ ಕಸದ ಟ್ರಕ್ಕು. ನನ್ನ ಕೈಲಿ ಆಗಲಿಲ್ಲ. ನೀರಿಗೆ ಬಿಟ್ಟದ್ದು ತಪ್ಪು, ನೋಡಿದೆ, ಒಪ್ಪಿದೆ. ನಿಮ್ಮ ಕರು ಸತ್ತರೆ ಏನು ಮಾಡ್ತೀರಿ?"

"ಹೂಳ್ತೀನಿ."

"ಎಲ್ಲಿ?"

ಅವನು ಕೈ ತೋರಿಸಿದ. ಹಳ್ಳದಿಂದ ದೂರ, ಏರಿನ ಮೇಲೆ, ಒಂದು ಪೊದೆಬೇಲಿಯ ಪಕ್ಕ.

"ಟ್ರಕ್ಕಿಗೆ ಯಾಕೆ ಹಾಕಲ್ಲ?"

ಅವನು ಏರಿನ ಕಡೆ ನೋಡಿದ. ಮೂಗು ಒರೆಸಿಕೊಂಡ. ನಾನು ಅಷ್ಟು ವರ್ಷ ವೇದಿಕೆ ಹತ್ತಿದ್ದೆ. ಎದುರಿನವನ ಉತ್ತರ ನನಗೆ ಬೇಕಾಗಿ ಪ್ರಶ್ನೆ ಕೇಳಿದ್ದು ಒಂದು ಸಲವೂ ನೆನಪಿಲ್ಲ. ಆಂಟಿಗೆ ಬೇಕಿತ್ತು. ಸತ್ತದ್ದನ್ನು ಎಲ್ಲಿಡಬೇಕು ಎಂಬುದು ಅವರಿಗೆ ಗೆಲ್ಲುವ ವಿಷಯವಾಗಿರಲಿಲ್ಲ, ತಿಳಿದುಕೊಳ್ಳಬೇಕಾದ ವಿಷಯವಾಗಿತ್ತು.

ನಾವು ಮೋರಿ ಕ್ಲೀನ್ ಮಾಡಿದೆವು. ಅಂಕಲ್ ಮೊಣಕಾಲವರೆಗಿನ ರಬ್ಬರ್ ಬೂಟು ಹಾಕಿಕೊಂಡು ನೀರಿಗಿಳಿದರು. ನಾನು ಚೀಲ ಹಿಡಿದೆ. ಒದ್ದೆ ಗರಿಗೆ ಅಂಟಿದ ಚೆಂಡುಹೂವಿನ ಎಸಳು ಬಿಡಿಸುವುದು ಅಸಾಧ್ಯ, ಪ್ರಯತ್ನಿಸಿ ನೋಡಿದ್ದೇನೆ. ಜಾಲರಿಯ ಒಳಮೂಲೆಗೆ ಅಂಕಲ್ ಕೈ ಎಟುಕದಿದ್ದಾಗ ರೈತ ಒಂದು ಉದ್ದ ಕೊಕ್ಕೆ ತಂದು ತಾನೇ ಎಳೆದ. ನೀರು ಮತ್ತೆ ಹರಿಯತೊಡಗಿತು. ತೆಂಗಿನ ಹೋಳನ್ನು ಆಂಟಿ ಎತ್ತಿಕೊಂಡರು. ಹೊರಡುವಾಗ ಅವನು ಕಂಬದ ಮೇಲಿನ ಕೀಲಿಯನ್ನು ತೆಗೆದು ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿದ.

ಆ ವಾರ ಪೂರ್ತಿ ಅಂಕಲ್ ರಾತ್ರಿ ಊಟವಾದ ಮೇಲೆ ಗರಾಜಿಗೆ ಹೋಗಿ, ಆಗಲೇ ಒರೆಸಿದ್ದ ಬಂದೂಕನ್ನು ಮತ್ತೆ ಎಣ್ಣೆ ಹಾಕಿ ಒರೆಸುತ್ತಿದ್ದರು. ನನ್ನ ತಲೆಯಲ್ಲಿ ಆಂಟಿಯ ಮಾತು ಓಡುತ್ತಿತ್ತು. ಅಂಕಲ್‌ರ ಶಿಷ್ಟಾಚಾರವೆಲ್ಲ ಗಂಡಸರು ಗಂಡಸರಿಗಾಗಿ ಮಾಡಿಕೊಂಡದ್ದು. ಹೊಲದವನಿಗೆ ನೋವಾಗಬಾರದು, ನೆರೆಯವನಿಗೆ ಕಾಣಬಾರದು, ದಾರಿಹೋಕನಿಗೆ ನಾರಬಾರದು. ಫ್ರೀಜರಿನ ಒಡತಿಗೆ ಅದರಲ್ಲಿ ಜಾಗವಿರಲಿಲ್ಲ. ಇದನ್ನು ಅಂಕಲ್‌ಗೆ ಹೇಳಿದೆ. ಗೆಲ್ಲಬೇಕೆಂದೇ ಹೇಳಿದೆ ಅನ್ನಿ.

ಅವರು ಚಿಂದಿ ಬಟ್ಟೆ ಮಡಚುತ್ತ, "ಹೌದು," ಎಂದರು.

ಹೌದು ಎಂದುಬಿಟ್ಟರೆ ಮುಂದೇನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಬೇಸ್‌ಮೆಂಟಿಗೆ ಇಳಿದು ಹೋದೆ.

ಶುಕ್ರವಾರ ಆಫೀಸಿನಿಂದ ಬಂದಾಗ ಅಂಕಲ್, ಆಂಟಿ ಇಬ್ಬರೂ ಆನ್ಸರಿಂಗ್ ಮಷೀನಿನ ಮುಂದೆ ನಿಂತಿದ್ದರು. "ನೀನೂ ಕೇಳು," ಎಂದು ಅಂಕಲ್ ಗುಂಡಿ ಒತ್ತಿದರು. ರೈತನ ದನಿ: ಶನಿವಾರ ಬಂದರೆ ಮನೆಗೆ ಬಂದು ಕೀಲಿ ಕೇಳಬೇಕು. ಪ್ರತಿ ಸಲವೂ ಕೇಳಬೇಕು. ಭಾನುವಾರ ಉಳಿದದ್ದನ್ನು ತಂದು ಏರಿನ ಮೇಲೆ ಹೂಳಬೇಕು, ಆಳವಾಗಿ. ಸಲಿಕೆ ನೀವೇ ತನ್ನಿ. ಹೂವಿಗೆ ಅಡ್ಡಿಯಿಲ್ಲ. ತೆಂಗಿನಕಾಯಿ ಬೇಡ, ರಕೂನ್ ಬರುತ್ತವೆ. ಲಾಯರ್‌ಗೆ ರಜೆ ಕೊಡಿ.

"ರಜಾ ಅಂತ ನಿನಗ," ಎಂದು ಆಂಟಿ ನನ್ನ ಬೆನ್ನಿಗೊಂದು ಗುದ್ದಿದರು. ವಾರದಲ್ಲಿ ಮೊದಲ ಸಲ ಅಂಕಲ್ ನಕ್ಕರು.

ರಜೆಯಿದ್ದರೂ ಆ ಭಾನುವಾರ ಅವರ ಜೊತೆ ಹೋದೆ. ನ್ಯೂಜೆರ್ಸಿಯಲ್ಲಿ ಭಾನುವಾರ ಬಂದೂಕು ಎತ್ತುವಂತಿಲ್ಲ, ಹಾಗಾಗಿ ಹೊಲ ಮೌನವಾಗಿತ್ತು. ಹೆಬ್ಬಾತುಗಳಿಗೆ ಆ ಕಾನೂನು ತಿಳಿದಿತ್ತೇನೋ, ಕೂಳೆಯ ನಡುವೆ ನೆಮ್ಮದಿಯಾಗಿ ಮೆಕ್ಕೆಜೋಳ ಹೆಕ್ಕುತ್ತಿದ್ದವು. ಏರಿನ ಮಣ್ಣಿನ ಮೇಲ್ಪದರ ಗಟ್ಟಿಯಾಗಿತ್ತು. ನಾನು ಸಲಿಕೆಗೆ ಕೈ ಚಾಚಿದೆ.

"ಬಿಡು. ಹೊಡೆದೋನು ನಾನು," ಎಂದರು ಅಂಕಲ್.

ಅವರು ಅಗೆದರು, ಏದುಸಿರು ಬಿಡುತ್ತ. ಆಂಟಿ, "ಇನ್ನೂ ಆಳ ಬೇಕು... ಇನ್ನೂ," ಎನ್ನುತ್ತ ಮೇಲೆ ನಿಂತಿದ್ದರು. ಮೋರಿಯಿಂದ ತೆಗೆದದ್ದು, ಹಿಂದಿನ ದಿನ ಹೊಡೆದದ್ದು, ಚೀಲದಲ್ಲಿದ್ದದ್ದೆಲ್ಲವನ್ನೂ ಮಣ್ಣಿಗೆ ಸುರಿದು, ಪ್ಲಾಸ್ಟಿಕ್ ಚೀಲವನ್ನು ಮಡಚಿ ಅಂಕಲ್ ತಮ್ಮ ಜೇಬಿಗೇ ಹಾಕಿಕೊಂಡರು. ಆಂಟಿ ಒಂದು ಹಿಡಿ ಹೂವು ಹಾಕಿದರು, ಏನೋ ಗುಣುಗುಣಿಸಿದರು. ಸತ್ತ ಹಕ್ಕಿಗೆ ಹೂವಿನಿಂದ ಏನೂ ಆಗುವುದಿಲ್ಲ ಎಂಬ ನನ್ನ ಅಭಿಪ್ರಾಯ ಅಂದೂ ಇತ್ತು, ಇಂದೂ ಇದೆ. ಆದರೆ ಕಸದ ಟ್ರಕ್ಕಿನ ಪರವಾಗಿ ಮಾತಾಡು ಎಂದರೆ ಈಗ ನನ್ನಿಂದಾಗದು. ಮಣ್ಣು ಮುಚ್ಚುವಾಗ ಕೇಳದೆಯೇ ಇನ್ನೊಂದು ಸಲಿಕೆ ತೆಗೆದುಕೊಂಡೆ. ಅಂಕಲ್ ಬೇಡ ಎನ್ನಲಿಲ್ಲ.

ಹಿಂತಿರುಗುವಾಗ ರೈತನ ಮನೆಯ ಮುಂದೆ ಕಾರು ನಿಲ್ಲಿಸಿ ಅಂಕಲ್ ಕೀಲಿ ಕೊಡಲು ಹೋದರು. ಬಾಗಿಲಲ್ಲಿ ಇಬ್ಬರೂ ಏನೋ ಮಾತಾಡುತ್ತ ನಿಂತುಬಿಟ್ಟರು. "ನೋಡು, ಕೀಲಿ ಕೈಯಾಗ ಇದ್ದಾಗ ಹಿಂಗ ನಿಂತು ಮಾತಾಡ್ತಿದ್ದಿಲ್ಲ," ಎಂದರು ಆಂಟಿ.

ಸಂಜೆ ಹಾಲಿನ ಕ್ಯಾನ್ ತರಲು ಗರಾಜಿಗೆ ಹೋದೆ. ಫ್ರೀಜರಿನ ಮುಚ್ಚಳ ತೆರೆದಿತ್ತು. ಒಳಗೆ ರಟ್ಟಿನ ಗಡಿ ಇರಲಿಲ್ಲ. ಆಂಟಿ ಮಾವಿನ ರಸದ ಡಬ್ಬಿಗಳನ್ನು ಆ ಬದಿಯಿಂದ ಈ ಬದಿಯವರೆಗೂ ಹರಡಿ ಜೋಡಿಸುತ್ತಿದ್ದರು.

ಅಂಕಲ್ ಬೂಟಿನ ಮಣ್ಣು ಕೆರೆಯುತ್ತ, "ಒಂದು ರಾತ್ರಿ ಇಡೋಕೆ ಜಾಗ ಬೇಡ್ವೇನೇ? ಶನಿವಾರದ್ದು ಭಾನುವಾರದವರೆಗೆ ಎಲ್ಲಿಡ್ಲಿ?" ಎಂದರು.

"ನನ್ನ ಕೇಳ್ರಿ," ಎಂದರು ಆಂಟಿ. "ಪ್ರತಿ ಸಲ ಬಂದು ಕೇಳ್ರಿ. ಕೊಡ್ತೀನೋ ಇಲ್ಲೋ ನೋಡೂಣು."